400 ಮೀಟರ್‌ಗೆ ಹಣ ಕೊಡುವವರು ಯಾರು? ರೈಲು ನಿಲ್ದಾಣದ ಬಸ್ ನಿಲುಗಡೆ ಸರಿದಾಗ ಬೀಳುವ ಖರ್ಚಿನ ಲೆಕ್ಕ

ರೈಲು ನಿಲ್ದಾಣದ ಎದುರಿನ ಬಸ್ ನಿಲುಗಡೆಯನ್ನು 400 ಮೀಟರ್ ಆಚೆ ಸರಿಸಿದರೆ ಬರಿಗೈಲಿ ನಡೆಯುವವರಿಗೆ 5 ನಿಮಿಷ ಹೆಚ್ಚು ಬೇಕು. ಗಂಟೆಗೆ 4.8 ಕಿ.ಮೀ., ಅಂದರೆ ನಿಮಿಷಕ್ಕೆ 80 ಮೀಟರ್ ನಡಿಗೆಯ ಲೆಕ್ಕವಿದು. ಚೀಲ ಹೊತ್ತವರು, ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು ನಿಮಿಷಕ್ಕೆ 50 ಮೀಟರ್ ನಡೆಯುತ್ತಾರೆ ಎಂದು ಹಿಡಿದರೆ ಅದೇ ದೂರಕ್ಕೆ 8 ನಿಮಿಷ. ನಿಲುಗಡೆ ಸರಿಸುವ ಆದೇಶಗಳಲ್ಲಿ ಸಂಚಾರ ದಟ್ಟಣೆ, ರಸ್ತೆ ಅಗಲೀಕರಣ, ಸುರಕ್ಷತೆ ಎಂಬ ಕಾರಣಗಳಿರುತ್ತವೆ. ಈ 5 ಅಥವಾ 8 ನಿಮಿಷದ ಖರ್ಚನ್ನು ಯಾರ ಖಾತೆಗೆ ಬರೆಯಬೇಕು ಎಂಬುದು ಇರುವುದಿಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೆ ರೈಲು ಇಲ್ಲ. ಊರಿನವರು ಹುಬ್ಬಳ್ಳಿಗೋ ಬೆಂಗಳೂರಿಗೋ ರೈಲಿನಲ್ಲಿ ಹೋಗಬೇಕೆಂದರೆ ರಾಣೆಬೆನ್ನೂರಿನವರೆಗೆ ಬಸ್ ಹಿಡಿಯಬೇಕು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ರಾಣೆಬೆನ್ನೂರು ನಗರದ್ದು 1,06,406, ಜಿಲ್ಲಾ ಕೇಂದ್ರ ಹಾವೇರಿಯದು 67,102. ಜಿಲ್ಲೆಯ ಅತಿ ದೊಡ್ಡ ಊರಾದ ರಾಣೆಬೆನ್ನೂರಿನಲ್ಲೂ ಇರುವುದು ಜಿಲ್ಲೆಯ ಶೇ 6.7ರಷ್ಟು ಜನ. ರೈಲು ಹತ್ತಬೇಕಾದ ಉಳಿದವರಲ್ಲಿ ಹೆಚ್ಚಿನವರು ಮೊದಲು ಬೇರೊಂದು ವಾಹನ ಹತ್ತಲೇಬೇಕು. ಅವರ ಪ್ರಯಾಣ ನಿಂತಿರುವುದು ರೈಲಿನ ವೇಗದ ಮೇಲಷ್ಟೇ ಅಲ್ಲ, ಎರಡು ವಾಹನಗಳ ನಡುವಿನ ಕೊಂಡಿಯ ಮೇಲೂ.

35 ಕಿಲೊ, 80 ಮೆಟ್ಟಿಲು

ಎರಡನೇ ದರ್ಜೆಯ ರೈಲು ಪ್ರಯಾಣಿಕರು ಶುಲ್ಕವಿಲ್ಲದೆ 35 ಕಿಲೊ ಸಾಮಾನು ಒಯ್ಯಬಹುದು, ಸ್ಲೀಪರ್ ದರ್ಜೆಯವರು 40 ಕಿಲೊ. ರೈಲ್ವೆ ನಿಯಮವೇ ಒಪ್ಪಿಕೊಂಡಿರುವ ಹೊರೆ ಇದು. ಇಷ್ಟು ಸಾಮಾನು ಹೊತ್ತವರಿಗೆ 400 ಮೀಟರ್ ಒಂದೇ ಉಸಿರಿನ ನಡಿಗೆಯಲ್ಲ, ನಡುವೆ ಚೀಲ ಇಳಿಸಿ ಕೈ ಬದಲಾಯಿಸಬೇಕಾಗುತ್ತದೆ. ದೇಶದ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿ (2017) ನಿಲ್ದಾಣದಿಂದ 500ರಿಂದ 800 ಮೀಟರ್ ದೂರವನ್ನು ನಡೆದು ಮುಟ್ಟಬಹುದಾದ ವಲಯ ಎಂದು ಪರಿಗಣಿಸುತ್ತದೆ. ಬರಿಗೈಲಿ ಹೋಗುವವರಿಗೆ 800 ಮೀಟರ್ ಎಂದರೆ 10 ನಿಮಿಷ, ಹೊರೆ ಹೊತ್ತವರಿಗೆ 16 ನಿಮಿಷ.

ನಿಲುಗಡೆ ಹಳಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದರೆ ಮೀಟರ್ ಲೆಕ್ಕ ಸಾಲದು. ವಿದ್ಯುದೀಕರಣಗೊಂಡ ಹಳಿಯ ಮೇಲಿನ ಕಾಲುಸೇತುವೆಗೆ ಪ್ಲಾಟ್‌ಫಾರಂನಿಂದ ಸುಮಾರು 6 ಮೀಟರ್ ಏರಬೇಕು. ಮೆಟ್ಟಿಲಿನ ಎತ್ತರ 15 ಸೆಂ.ಮೀ. ಎಂದಾದರೆ ಹತ್ತಲು 40, ಇಳಿಯಲು 40, ಒಟ್ಟು 80. ನಕ್ಷೆಯಲ್ಲಿ 100 ಮೀಟರ್ ಎಂದು ಕಾಣುವ ಈ ಬದಲಾವಣೆ ಮಂಡಿನೋವಿನವರ ಪಾಲಿಗೆ 400 ಮೀಟರ್‌ನ ಸಮತಟ್ಟಾದ ರಸ್ತೆಗಿಂತ ದೂರ.

ನಿಲ್ದಾಣದ ಒಳಗಿನ ನಡಿಗೆಯನ್ನೂ ಇದಕ್ಕೆ ಕೂಡಿಸಬೇಕು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಪ್ಲಾಟ್‌ಫಾರಂನ ಉದ್ದ 1,507 ಮೀಟರ್. ಗೋರಖಪುರದ 1,366 ಮೀಟರ್‌ನ ದಾಖಲೆಯನ್ನು ಅದು 141 ಮೀಟರ್‌ನಿಂದ ಮೀರಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿಗೈಲಿ ನಡೆದರೂ ಸುಮಾರು 19 ನಿಮಿಷ, ಹೊರೆಯಿದ್ದರೆ 30 ನಿಮಿಷ. ಇಂಥ ನಿಲ್ದಾಣದಲ್ಲಿ ಬಸ್ ಯಾವ ಬಾಗಿಲ ಎದುರು ನಿಲ್ಲುತ್ತದೆ ಎಂಬುದೇ ಪ್ರಯಾಣದ ಅವಧಿಯನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಬಲ್ಲದು.

ಸರಾಸರಿ ಮುಚ್ಚಿಡುವುದು

5 ನಿಮಿಷ ಎಂಬುದು ಸರಾಸರಿ. ಅದು ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಒಂದು ಬಸ್ಸಿಗೂ ಮುಂದಿನ ಬಸ್ಸಿಗೂ ನಡುವಿನ ಅವಧಿ. ರೈಲು ಬರುವ ಹೊತ್ತಿಗೂ ಬಸ್ ಹೊರಡುವ ಹೊತ್ತಿಗೂ ತಾಳೆ ಇಲ್ಲ ಎಂದಿಟ್ಟುಕೊಂಡು, ಬೇರೆ ಬೇರೆ ರೈಲುಗಳಲ್ಲಿ ಬಂದಿಳಿದ 12 ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನಗರದಲ್ಲಿ 10 ನಿಮಿಷಕ್ಕೊಂದು ಬಸ್ ಇದ್ದರೆ 12 ಜನರಲ್ಲಿ 6 ಜನರಿಗೆ ಮೊದಲು ಸಿಗುತ್ತಿದ್ದ ಬಸ್ ತಪ್ಪುತ್ತದೆ. ಪ್ರತಿಯೊಬ್ಬರೂ 10 ನಿಮಿಷ ಕಳೆದುಕೊಳ್ಳುತ್ತಾರೆ. ಒಟ್ಟು ನಷ್ಟ 60 ನಿಮಿಷ.

ಹಳ್ಳಿಗೆ ಗಂಟೆಗೊಂದು ಬಸ್ ಇದ್ದರೆ ಚಿತ್ರ ಬೇರೆ. 12ರಲ್ಲಿ 11 ಜನ ಮೊದಲಿನ ಬಸ್ಸನ್ನೇ ಹಿಡಿಯುತ್ತಾರೆ. ನಿಂತು ಕಾಯುತ್ತಿದ್ದ ಹೊತ್ತನ್ನು ನಡೆದು ಕಳೆಯುತ್ತಾರೆ, ಮನೆ ಮುಟ್ಟುವ ಸಮಯ ಬದಲಾಗುವುದಿಲ್ಲ. ಉಳಿದ ಒಬ್ಬರ ಕಣ್ಣೆದುರೇ ಬಸ್ ಹೊರಟುಹೋಗುತ್ತದೆ, ಅವರು 60 ನಿಮಿಷ ಕಾಯಬೇಕು. ಒಟ್ಟು ನಷ್ಟ ಇಲ್ಲಿಯೂ 60 ನಿಮಿಷ, ಸರಾಸರಿ ಇಲ್ಲಿಯೂ 5 ನಿಮಿಷ. ವರದಿಯಲ್ಲಿ ಎರಡು ಊರಿಗೂ ಒಂದೇ ಅಂಕಿ ಬರುತ್ತದೆ. ಹೊರೆ ಹೊತ್ತವರ 8 ನಿಮಿಷಕ್ಕೆ ಇದೇ ಲೆಕ್ಕ ಹಾಕಿದರೆ ಗಂಟೆಗೊಂದು ಬಸ್ಸಿನ ಊರಿನಲ್ಲಿ ಬಸ್ ತಪ್ಪುವವರು 12ಕ್ಕೆ ಒಬ್ಬರಲ್ಲ, 15ಕ್ಕೆ ಇಬ್ಬರು: ಶೇ 8.3ರಿಂದ ಶೇ 13.3ಕ್ಕೆ ಏರಿಕೆ.

ದಿನನಿತ್ಯ ಓಡಾಡುವವರಿಗೆ ಇದು ಅದೃಷ್ಟದ ಮಾತಾಗಿ ಉಳಿಯುವುದಿಲ್ಲ. ರೈಲಿನ ವೇಳೆಯೂ ನಿಗದಿ, ಬಸ್ಸಿನ ವೇಳೆಯೂ ನಿಗದಿ. ಇಂದು 2 ನಿಮಿಷದಲ್ಲಿ ಬಸ್ ತಪ್ಪಿಸಿಕೊಂಡವರು ನಾಳೆಯೂ ತಪ್ಪಿಸಿಕೊಳ್ಳುತ್ತಾರೆ. ವರ್ಷಕ್ಕೆ 300 ದಿನ, ದಿನಕ್ಕೆ 60 ನಿಮಿಷ ಎಂದರೆ 300 ಗಂಟೆ. 8 ಗಂಟೆಯ ಕೆಲಸದ ದಿನಗಳಲ್ಲಿ ಎಣಿಸಿದರೆ 37.5 ದಿನ. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2025–26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ, ಹಿಂದಿನ ವರ್ಷ 349 ಇತ್ತು. ಶೇ 6ರ ಹೆಚ್ಚಳ. ಈ ದರದಲ್ಲಿ ಗಂಟೆಗೆ 46.25 ರೂಪಾಯಿ, 300 ಗಂಟೆಗೆ 13,875 ರೂಪಾಯಿ.

ರೈಲು ಹಿಡಿಯಲು ಊರಿನಿಂದ ಬರುವಾಗ ನಷ್ಟ ಇನ್ನೊಂದು ಬಗೆಯದು. 5 ನಿಮಿಷ ತಡವಾಗಿ ಮುಟ್ಟಿದರೆ ರೈಲು ತಪ್ಪುತ್ತದೆ. ಆದ್ದರಿಂದ ಹಳ್ಳಿಯವರು ಮೊದಲು ಹಿಡಿಯುತ್ತಿದ್ದ ಬಸ್ಸಿಗಿಂತ ಹಿಂದಿನ ಬಸ್ಸಿಗೇ ಹೊರಡುತ್ತಾರೆ. 400 ಮೀಟರ್‌ನ ಬದಲಾವಣೆಗಾಗಿ ಮನೆಯಿಂದ 60 ನಿಮಿಷ ಮುಂಚೆ ಹೊರಟವರ ಹೆಸರು ಯಾವ ದಾಖಲೆಯಲ್ಲೂ ಬರುವುದಿಲ್ಲ. ಅವರು ರೈಲು ತಪ್ಪಿಸಿಕೊಂಡಿಲ್ಲ, ದೂರನ್ನೂ ಕೊಟ್ಟಿಲ್ಲ.

ವಸ್ತಿ ಬಸ್ ತಪ್ಪಿದರೆ

ರಾತ್ರಿ ಊರಿಗೆ ಹೋಗಿ ಅಲ್ಲೇ ತಂಗಿ ಬೆಳಗ್ಗೆ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ ಎನ್ನುತ್ತಾರೆ. ಅದು ಹೋದ ಮೇಲೆ ಮುಂದಿನ ಬಸ್ಸಿನ ಅವಧಿ 60 ನಿಮಿಷವಲ್ಲ, ಬೆಳಗಿನವರೆಗೆ. ನಿಲ್ದಾಣದಿಂದ 15 ಕಿ.ಮೀ. ದೂರದ ಹಳ್ಳಿಗೆ ಆಟೊ ಹಿಡಿದರೆ ಎಷ್ಟಾದೀತು ಎಂಬುದಕ್ಕೆ ಬೆಂಗಳೂರಿನ ಮೀಟರ್ ದರವನ್ನು ಅಳತೆಗೋಲಾಗಿ ಬಳಸಬಹುದು. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರ ಪ್ರತಿ ಕಿ.ಮೀ.ಗೆ 18. 15 ಕಿ.ಮೀ.ಗೆ 270 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು, ಅಂದರೆ 405 ರೂಪಾಯಿ. ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿಗಿಂತ ಇದು 35 ರೂಪಾಯಿ ಹೆಚ್ಚು.

ಮಹಿಳಾ ಪ್ರಯಾಣಿಕರ ಮಟ್ಟಿಗೆ ಬಸ್–ಆಟೊ ದರದ ಹೋಲಿಕೆಯಲ್ಲಿ ಬಸ್ಸಿನ ಬದಿಯಲ್ಲಿ ಇರುವುದು ಸೊನ್ನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಅವರಿಗೆ ಉಚಿತ. 2025ರ ಜುಲೈ 14ಕ್ಕೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. 764 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 65 ಲಕ್ಷ. ಟಿಕೆಟ್ ದರ ಸೊನ್ನೆಯಾದ ಮೇಲೆ ಪ್ರಯಾಣದ ಖರ್ಚಾಗಿ ಉಳಿಯುವುದು ನಡಿಗೆ, ಕಾಯುವಿಕೆ ಮತ್ತು ಆಟೊ ಅಥವಾ ಟಂಟಂ. ನಿಲುಗಡೆ ದೂರ ಸರಿದಾಗ ಏರುವುದು ಈ ಮೂರೇ. ಟಿಕೆಟ್ ಕೊಂಡು ಹೋಗುವ ಪುರುಷರಿಗೆ 2025ರ ಜನವರಿ 5ರಿಂದ ಬಸ್ ದರ ಶೇ 15 ಹೆಚ್ಚಾಗಿದೆ. ಅದರ ಮೇಲೆ ಆಟೊ ಖರ್ಚೂ ಸೇರುತ್ತದೆ.

ಬೆಂಗಳೂರಿನ ಎರಡು, ಚೆನ್ನೈನ ಒಂದು

ಬಸ್ ನಿಲ್ದಾಣವನ್ನು ರೈಲಿನಿಂದ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದಲ್ಲಿ ಸುಮಾರು 40 ಕೋಟಿ ರೂಪಾಯಿಯ ಉದಾಹರಣೆ ಇದೆ. ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಮಾಡಿದ ವೆಚ್ಚವದು. ತುಮಕೂರು ರಸ್ತೆಯಲ್ಲಿ ಸಾಗುವ ದೂರದೂರಿನ ಬಸ್ಸುಗಳನ್ನು 2014ರಲ್ಲಿ ಮೆಜೆಸ್ಟಿಕ್‌ನಿಂದ ಅಲ್ಲಿಗೆ ವರ್ಗಾಯಿಸಲಾಯಿತು. ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ಇರುವುದು ಇದೇ ದಾರಿಯಲ್ಲಿ. ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣವೂ ರೈಲು ನಿಲ್ದಾಣವೂ ಎದುರುಬದುರು. ಪೀಣ್ಯ ಅಲ್ಲಿಂದ 10 ಕಿ.ಮೀ.ಗೂ ಹೆಚ್ಚು ದೂರ.

ಆಗ ಮೆಟ್ರೊ ಇತ್ತು, ಕೊಂಡಿ ಇರಲಿಲ್ಲ. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ 9.9 ಕಿ.ಮೀ. ಹಸಿರು ಮಾರ್ಗ 2014ರ ಮಾರ್ಚ್ 1ರಂದು ತೆರೆದಿತ್ತು. ಆದರೆ ಅದು ಮೆಜೆಸ್ಟಿಕ್ ಮುಟ್ಟಿದ್ದು 2017ರ ಜೂನ್‌ನಲ್ಲಿ, 3 ವರ್ಷ 3 ತಿಂಗಳ ನಂತರ. ರೈಲಿನಿಂದ ಇಳಿದವರು ಮೆಟ್ರೊ ಬಳಸಬೇಕೆಂದರೆ ಮೊದಲು ಸಂಪಿಗೆ ರಸ್ತೆಗೆ ಬೇರೆ ವಾಹನ, ಅಲ್ಲಿಂದ ಮೆಟ್ರೊ, ಆಮೇಲೆ ಬಸ್: ಒಂದು ಬದಲಾವಣೆಯ ಜಾಗದಲ್ಲಿ ಮೂರು. ಪ್ರಯಾಣಿಕರು ಬರಲಿಲ್ಲ. ಬಸ್ಸುಗಳು ಮತ್ತೆ ಮೆಜೆಸ್ಟಿಕ್‌ಗೆ ಮರಳಿದವು. 40 ಕೋಟಿಗೆ ಶೇ 8ರ ಬಡ್ಡಿ ಹಿಡಿದರೆ ವರ್ಷಕ್ಕೆ 3.2 ಕೋಟಿ, ದಿನಕ್ಕೆ ಸುಮಾರು 87,700 ರೂಪಾಯಿ.

ಬೈಯಪ್ಪನಹಳ್ಳಿಯಲ್ಲಿ ಸರಿದದ್ದು ಬಸ್ ಅಲ್ಲ, ರೈಲು. 314 ಕೋಟಿ ರೂಪಾಯಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ 2022ರ ಜೂನ್ 6ರಂದು ರೈಲು ಸಂಚಾರ ಶುರುವಾಯಿತು. 7 ಪ್ಲಾಟ್‌ಫಾರಂ, ದಿನಕ್ಕೆ 50,000 ಪ್ರಯಾಣಿಕರ ಸಾಮರ್ಥ್ಯ. ರೈಲ್ವೆ ಪ್ರಕಟಿಸಿದ ವಾಹನ ನಿಲುಗಡೆಯ ವಿವರ ಹೀಗಿದೆ: 250 ಕಾರು, 900 ದ್ವಿಚಕ್ರ ವಾಹನ, 50 ಆಟೊ, 20 ಕ್ಯಾಬ್, 5 ಬಿಎಂಟಿಸಿ ಬಸ್. ಬಸ್ಸಿನ ಒಂದು ಜಾಗಕ್ಕೆ ಕಾರಿನ ಜಾಗ 50. ಬಸ್ಸೊಂದು 10 ನಿಮಿಷ ನಿಂತು 60 ಜನರನ್ನು ಹತ್ತಿಸಿಕೊಂಡರೆ ಒಂದು ಜಾಗದಿಂದ ಗಂಟೆಗೆ 360 ಜನ ಹೊರಡಬಹುದು. ಕಾರೊಂದು 2 ಗಂಟೆ ನಿಂತು 3 ಜನರನ್ನು ಒಯ್ದರೆ ಒಂದು ಜಾಗದಿಂದ ಗಂಟೆಗೆ ಒಂದೂವರೆ ಜನ.

ಟರ್ಮಿನಲ್‌ನಿಂದ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣ ಒಂದೂವರೆಯಿಂದ 2 ಕಿ.ಮೀ. ದೂರ. ಹೊರೆ ಹೊತ್ತವರಿಗೆ 30ರಿಂದ 40 ನಿಮಿಷದ ನಡಿಗೆ. ಬಿಎಂಟಿಸಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 6 ರೂಪಾಯಿ, ಆಟೊ ಕನಿಷ್ಠ ದರ 36, ರಾತ್ರಿ 54. ಬಸ್ ಸಿಗದ ಹೊತ್ತಿನಲ್ಲಿ ಈ 2 ಕಿ.ಮೀ.ಗೆ 6 ಪಟ್ಟು, ರಾತ್ರಿ 9 ಪಟ್ಟು ಕೊಡಬೇಕು. 72 ಬರ್ತ್‌ಗಳ 18 ಸ್ಲೀಪರ್ ಬೋಗಿಗಳಿರುವ ಒಂದು ರೈಲಿನಿಂದ 1,296 ಜನ ಇಳಿಯುತ್ತಾರೆ. ಅವರಲ್ಲಿ ಅರ್ಧದಷ್ಟು ಜನರಿಗೆ ಬಸ್ ಬೇಕೆಂದರೆ ಒಂದೇ ರೈಲಿಗೆ 11 ಬಸ್ ಬೇಕಾಗುತ್ತದೆ.

ಚೆನ್ನೈನ ಕಿಲಾಂಬಾಕ್ಕಂ ಬಸ್ ನಿಲ್ದಾಣ ತೆರೆದದ್ದು 2023ರ ಡಿಸೆಂಬರ್ 30ರಂದು. ವೆಚ್ಚ 393.74 ಕೋಟಿ. ನಗರದ ಕೋಯಂಬೇಡು ಬಸ್ ನಿಲ್ದಾಣದಿಂದ ದಕ್ಷಿಣದ ಕಡೆಗೆ ಹೊರಡುತ್ತಿದ್ದ ಬಸ್ಸುಗಳು ಸುಮಾರು 30 ಕಿ.ಮೀ. ದೂರದ ಇಲ್ಲಿಗೆ ಬಂದವು. ಹಳಿ ಪಕ್ಕದಲ್ಲೇ ಹಾದುಹೋಗುತ್ತದೆ, ಆದರೆ ಬಸ್ ನಿಲ್ದಾಣ ತೆರೆದ ದಿನ ಅಲ್ಲಿ ರೈಲು ನಿಲ್ದಾಣವೇ ಇರಲಿಲ್ಲ. ಅದಕ್ಕೆ ಗೊತ್ತು ಮಾಡಿದ ಮೊತ್ತ 20 ಕೋಟಿ, ಬಸ್ ನಿಲ್ದಾಣದ ವೆಚ್ಚದ ಶೇ 5. ಶೇ 5ರ ಕೆಲಸ ಹಿಂದುಳಿದದ್ದರಿಂದ ಉಳಿದ ಶೇ 95ರ ಪ್ರಯೋಜನವೂ ಕುಗ್ಗಿತು.

ಎರಡೂ ಕಡೆಯ ಲೆಕ್ಕ

ನಿಲುಗಡೆ ಸರಿಸುವುದರಿಂದ ಉಳಿತಾಯವೇ ಇಲ್ಲ ಎನ್ನಲಾಗದು. ಅದನ್ನು ಅಳೆಯಲು ಒಂದು ಮಾದರಿ: ದಿನಕ್ಕೆ ಬಸ್ಸಿನ 60 ಟ್ರಿಪ್, ರೈಲು–ಬಸ್ ನಡುವೆ ಬದಲಾಯಿಸುವ 1,000 ಪ್ರಯಾಣಿಕರು, ಮುಖ್ಯರಸ್ತೆಯಿಂದ ನಿಲ್ದಾಣ 400 ಮೀಟರ್ ಒಳಗೆ. ಇದು ಯಾವುದೇ ಒಂದು ನಿಲ್ದಾಣದ ಎಣಿಕೆಯಲ್ಲ. ಯಾವ ನಿಲ್ದಾಣಕ್ಕಾದರೂ ಅಲ್ಲಿಯ ಅಂಕಿ ತುಂಬಿ ನೋಡಬಹುದಾದ ಲೆಕ್ಕ.

ನಿಲುಗಡೆ ಮುಖ್ಯರಸ್ತೆಗೆ ಹೋದರೆ ಪ್ರತಿ ಟ್ರಿಪ್‌ಗೆ ಹೋಗಿಬರುವ 0.8 ಕಿ.ಮೀ. ಉಳಿಯುತ್ತದೆ. 60 ಟ್ರಿಪ್‌ಗೆ 48 ಕಿ.ಮೀ. ಲೀಟರ್‌ಗೆ 5 ಕಿ.ಮೀ.ಯಂತೆ 9.6 ಲೀಟರ್ ಡೀಸೆಲ್. ಲೀಟರ್‌ಗೆ 91 ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 874 ರೂಪಾಯಿ, 300 ದಿನಕ್ಕೆ 2,62,080.

ಪ್ರಯಾಣಿಕರ ಕಡೆ: 1,000 ಜನರಲ್ಲಿ 100 ಜನ 36 ರೂಪಾಯಿ ಕೊಟ್ಟು ಆಟೊ ಹಿಡಿದರೆ ದಿನಕ್ಕೆ 3,600, 300 ದಿನಕ್ಕೆ 10,80,000 ರೂಪಾಯಿ. ಉಳಿದ 900 ಜನ ತಲಾ 5 ನಿಮಿಷ ನಡೆದರೆ ದಿನಕ್ಕೆ 75 ಗಂಟೆ, 300 ದಿನಕ್ಕೆ 22,500 ಗಂಟೆ. ಗಂಟೆಗೆ 46.25ರಂತೆ 10,40,625 ರೂಪಾಯಿ. ಒಟ್ಟು 21,20,625. ಸಾರಿಗೆ ಸಂಸ್ಥೆ ಡೀಸೆಲ್‌ನಲ್ಲಿ ಉಳಿಸಿದ ಪ್ರತಿ 1 ರೂಪಾಯಿಗೆ ಪ್ರಯಾಣಿಕರು ತೆರುವುದು 8 ರೂಪಾಯಿ.

ಬಸ್ಸಿನಲ್ಲೇ ಕುಳಿತು ಮುಂದೆ ಹೋಗುವವರ ಸಮಯವೂ ಲೆಕ್ಕಕ್ಕೆ ಬರಬೇಕು. ಗಂಟೆಗೆ 15 ಕಿ.ಮೀ. ವೇಗದಲ್ಲಿ 0.8 ಕಿ.ಮೀ. ಸುತ್ತಿಗೆ 3.2 ನಿಮಿಷ. ಪ್ರತಿ ಟ್ರಿಪ್‌ನಲ್ಲಿ ಅಂಥ 30 ಜನರಿದ್ದರೆ ದಿನಕ್ಕೆ 5,760 ನಿಮಿಷ, ಅಂದರೆ 96 ಗಂಟೆ. ಗಡಿಯಾರದ ಲೆಕ್ಕದಲ್ಲಿ ಇದು ರೈಲು ಪ್ರಯಾಣಿಕರ 75 ಗಂಟೆಗಿಂತ ಹೆಚ್ಚು. ಆದರೆ ಸಾರಿಗೆ ಯೋಜನೆಯಲ್ಲಿ ನಡೆಯುವ ಮತ್ತು ಕಾಯುವ ನಿಮಿಷಕ್ಕೆ ವಾಹನದಲ್ಲಿ ಕುಳಿತ ನಿಮಿಷದ ಸುಮಾರು ಎರಡು ಪಟ್ಟು ಬೆಲೆ ಕಟ್ಟುವುದು ರೂಢಿ. ಆ ರೀತಿ ನೋಡಿದರೆ 75 ಗಂಟೆ 150 ಆಗುತ್ತದೆ. ಆಟೊ ಖರ್ಚನ್ನು ಬಿಟ್ಟರೂ, ಮುಂದೆ ಹೋಗುವವರು ಟ್ರಿಪ್‌ಗೆ 47 ಜನ ಇದ್ದರಷ್ಟೇ ಎರಡೂ ಕಡೆ ಸಮವಾಗುತ್ತದೆ.

ಈ ಲೆಕ್ಕ ಮಧ್ಯದ ದಾರಿಯನ್ನೂ ತೋರಿಸುತ್ತದೆ. 60 ಟ್ರಿಪ್‌ಗಳಲ್ಲಿ ರೈಲಿನ ವೇಳೆಗೆ ಹೊಂದುವ 20 ಟ್ರಿಪ್ ಮಾತ್ರ ನಿಲ್ದಾಣದ ಬಾಗಿಲಿಗೆ ಬಂದರೆ ಡೀಸೆಲ್ ಖರ್ಚು ದಿನಕ್ಕೆ 291 ರೂಪಾಯಿ, ವರ್ಷದ 300 ದಿನಕ್ಕೆ 87,360. ಮುಂದೆ ಹೋಗುವವರ ನಷ್ಟ 96 ಗಂಟೆಯಿಂದ 32 ಗಂಟೆಗೆ ಇಳಿಯುತ್ತದೆ. ಮುಖ್ಯರಸ್ತೆಯಿಂದ ಬಸ್ ಒಳಗೆ ತಿರುಗುವುದೂ ಮೂರನೇ ಒಂದಕ್ಕೆ ಇಳಿಯುತ್ತದೆ.

ಒಂದೇ ಊರಿನ ಎರಡು ಕೇಂದ್ರ ಕಚೇರಿ

ಬಸ್ ಮತ್ತು ರೈಲಿನ ವೇಳೆಯನ್ನು ಹೊಂದಿಸಲು ಅಧಿಕಾರಿಗಳು ದೂರ ಹೋಗಬೇಕಿಲ್ಲ. 1997ರ ನವೆಂಬರ್ 1ರಂದು ಶುರುವಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. 2003ರ ಏಪ್ರಿಲ್ 1ರಂದು ಶುರುವಾದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಅದೇ ಊರಿನ ಗದಗ ರಸ್ತೆಯಲ್ಲಿದೆ. ತೊಡಕಿರುವುದು ಕೆಳಗಿನ ಹಂತದಲ್ಲಿ. ರಾಣೆಬೆನ್ನೂರಿನ ಬಸ್ಸುಗಳು ಹಾವೇರಿ ವಿಭಾಗಕ್ಕೆ ಸೇರಿದರೆ ರೈಲು ನಿಲ್ದಾಣ ಮೈಸೂರು ವಿಭಾಗಕ್ಕೆ ಸೇರಿದೆ. ಒಂದು ವೇಳಾಪಟ್ಟಿ ಬದಲಾದಾಗ ಇನ್ನೊಂದನ್ನು ಬದಲಿಸಬೇಕಾದ ಹೊಣೆ ಯಾರ ಮೇಲೂ ಇಲ್ಲ.

ಹಾಗಾಗಿ ರೈಲು ನಿಲ್ದಾಣದ ಬಸ್ ನಿಲುಗಡೆಯನ್ನು ಸರಿಸುವ ಯಾವ ಆದೇಶಕ್ಕೂ ಮುನ್ನ ನಾಲ್ಕು ಅಂಕಿ ಪ್ರಕಟವಾಗಬೇಕು. ಒಂದು, ಪ್ರತಿ ರೈಲಿನಿಂದ ಇಳಿದು ಬಸ್ ಹತ್ತುವವರ ಸಂಖ್ಯೆ. ಎರಡು, ಹೆಚ್ಚುವ ಮೀಟರ್ ಮತ್ತು ಮೆಟ್ಟಿಲು. ಮೂರು, ಹೊಸ ಜಾಗದಿಂದ ತಪ್ಪಿಹೋಗುವ ರೈಲು–ಬಸ್ ಕೊಂಡಿಗಳು, ಊರಿನ ಹೆಸರಿನೊಂದಿಗೆ. ನಾಲ್ಕು, ಕೊನೆಯ ರೈಲಿಗೂ ವಸ್ತಿ ಬಸ್ಸಿಗೂ ನಡುವೆ ಉಳಿಯುವ ನಿಮಿಷ. ನಿಲ್ದಾಣದ ಬಾಗಿಲಲ್ಲಿ ಇಬ್ಬರು ಒಂದು ವಾರ ಎಣಿಸಿದರೆ ಮೊದಲನೆಯದು ಸಿಗುತ್ತದೆ. ಉಳಿದ ಮೂರು, ಅಳತೆ ಪಟ್ಟಿ ಮತ್ತು ಎರಡು ವೇಳಾಪಟ್ಟಿ ಇದ್ದರೆ ಒಂದೇ ದಿನದಲ್ಲಿ ಸಿಗುತ್ತವೆ. ಗ್ರಾಮ ಪಂಚಾಯ್ತಿಗಳೂ ಪ್ರಯಾಣಿಕರ ಸಂಘಗಳೂ ಆಕ್ಷೇಪಣೆಯ ಅರ್ಜಿಯಲ್ಲಿ ಈ ನಾಲ್ಕನ್ನೂ ಕೇಳಬೇಕು. ಅವಿಲ್ಲದೆ ಹೊರಡುವ ಆದೇಶದಲ್ಲಿ ಸಂಸ್ಥೆಯ 1 ರೂಪಾಯಿ ಉಳಿತಾಯ ಕಾಣುತ್ತದೆ, ಪ್ರಯಾಣಿಕರ 8 ರೂಪಾಯಿ ಕಾಣುವುದಿಲ್ಲ.